ಒಂದು ಸಾಲು ಕಡಿಮೆ, ಐದು ವರ್ಷ ಕಡಿಮೆ

ಭಾನುವಾರದ ನಾಲ್ಕನೇ ಪುಟ, ಬಲಗಡೆಯ ಎರಡು ಕಾಲಂ, ಮೂವತ್ತೆಂಟು ಸಾಲು. ನನ್ನ ಪಾಲಿಗೆ ಬಂದ ಜಗತ್ತು ಇಷ್ಟು. ಶಹಾಬಾದಿನಿಂದ ಹೊರಡುವ ನಮ್ಮ ಸಣ್ಣ ದಿನಪತ್ರಿಕೆ ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳಿಗೆ ಬೆಳಗಿನ ಬಸ್ಸು, ರೈಲುಗಳಲ್ಲಿ ಹೋಗುತ್ತದೆ. ಬೇರೆ ದೇಶಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ವಾರಕ್ಕೊಮ್ಮೆ ಉತ್ತರ ಬರೆಯುವ ಕೆಲಸವನ್ನು ಸಂಪಾದಕರು ವಹಿಸಿದಾಗ ನನ್ನ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ಈಗಲೂ ಇಲ್ಲ. ಹಾಗೆಂದು ಅವರಿಗೆ ಹೇಳಿದೆ. ‘ಕೊಲೀ ಸುದ್ದಿ ಬರೆಯಾಂವ ಕೊಲೀ ಮಾಡಿರಬೇಕೇನು?’ ಎಂದು ಕೇಳಿ ಅವರು ಮುಂದಿನ ಪುಟ ನೋಡತೊಡಗಿದರು.

ಅವರು ಹಾಕಿದ ಷರತ್ತು ಒಂದೇ. ಪ್ರತಿ ಉತ್ತರಕ್ಕೂ ಎರಡು ಆಧಾರ ಇರಬೇಕು. ಒಂದು ಬರೆದಿಟ್ಟದ್ದು, ಇನ್ನೊಂದು ಆ ದೇಶವನ್ನು ಕಣ್ಣಾರೆ ಕಂಡು ಬಂದ ಮನುಷ್ಯ. ಮನುಷ್ಯ ನಮ್ಮ ಪತ್ರಿಕೆ ಹೋಗುವ ಊರಿನವನೇ ಆಗಿರಬೇಕು, ತಪ್ಪು ಹೇಳಿದರೆ ಮನೆಗೆ ಹೋಗಿ ಕೇಳುವಂತಿರಬೇಕು. ಹೀಗಾಗಿ ನನ್ನ ಮೇಜಿನ ಖಾನೆಯಲ್ಲಿ ಒಂದು ಪಟ್ಟಿ ಬೆಳೆಯಿತು. ಯಂತ್ರದ ತರಬೇತಿಗೆಂದು ಜಪಾನಿನಲ್ಲಿ ಆರು ತಿಂಗಳಿದ್ದು ಬಂದ ಸೇಡಂನ ಎಂಜಿನಿಯರ್. ಮಸ್ಕತ್ತಿನಲ್ಲಿ ನೆಲಕ್ಕೆ ಕಲ್ಲು ಹಾಸಿ ಬಂದ ಶಹಾಬಾದಿನ ಮೇಸ್ತ್ರಿ. ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಕಳೆದ ರಾವೂರಿನ ಒಬ್ಬರು. ಈ ಹಡಗಿನವರು ನಲವತ್ತು ದೇಶ ಕಂಡಿದ್ದರು. ಆದರೆ ಎಲ್ಲ ದೇಶಗಳಲ್ಲೂ ಅವರು ಕಂಡದ್ದು ಈರುಳ್ಳಿಯ ದರ ಮಾತ್ರ.

ಪ್ರಶ್ನೆಗಳಿಗೆ ಬರವಿರಲಿಲ್ಲ. ನಾರ್ವೆಯಲ್ಲಿ ತಿಂಗಳುಗಟ್ಟಲೆ ಸೂರ್ಯ ಮುಳುಗುವುದಿಲ್ಲವೆಂದರೆ ಅಲ್ಲಿನ ಹುಂಜ ಯಾವಾಗ ಕೂಗುತ್ತದೆ ಎಂದು ಚಿಂಚೋಳಿಯಿಂದ ಕೇಳಿದರು. ಜಪಾನಿನ ಗೋಡೆ ಭೂಕಂಪಕ್ಕೆ ಬೀಳುವುದಿಲ್ಲವಂತೆ, ಅದಕ್ಕೆ ಯಾವ ಸಿಮೆಂಟು ಎಂದು ಸಿಮೆಂಟು ಕಾರ್ಖಾನೆಗಳ ಸೇಡಂನಿಂದ ಏಳು ಜನ ಒಂದೇ ವಾರದಲ್ಲಿ ಕೇಳಿದರು. ರೈಲೇ ಇಲ್ಲದ ದೇಶಗಳೂ ಇವೆಯೆಂದು ನಾನು ಬರೆದ ಮೇಲೆ ವಾಡಿ ಜಂಕ್ಷನ್ನಿನಿಂದ ಒಂದು ಕಾರ್ಡು ಬಂತು: ‘ಹಾಗಾದರೆ ಆ ದೇಶದ ಜನ ಎಲ್ಲಿ ಕುಳಿತು ಕಾಯುತ್ತಾರೆ?’ ಬಸ್ಸು ನಿಮಿಷ ತಪ್ಪದೆ ಬರುವ ದೇಶದಲ್ಲಿ ಜನ ಉಳಿದ ಹೊತ್ತು ಏನು ಮಾಡುತ್ತಾರೆ ಎಂದು ಸುಲೇಪೇಟದ ಅಂಗಡಿಯವರೊಬ್ಬರು ಕೇಳಿದ್ದರು. ಆ ಕಾರ್ಡು ಇನ್ನೂ ನನ್ನ ಖಾನೆಯಲ್ಲೇ ಇದೆ.

ನೇಪಾಳದ ಪ್ರಶ್ನೆ ಇವುಗಳ ನಡುವೆ, ಬಿಳಿ ಹಾಳೆಯ ಮೇಲೆ ದುಂಡಾದ ಅಕ್ಷರಗಳಲ್ಲಿ ಬಂತು. ಬರೆದವರು ಚಿತ್ತಾಪುರ ತಾಲ್ಲೂಕಿನಲ್ಲಿ ಸನ್ನತಿಗೆ ಹತ್ತಿರದ, ಭೀಮಾ ದಂಡೆಯ ಒಂದು ಹಳ್ಳಿಯ ನಿವೃತ್ತ ಹೆಡ್‌ಮಾಸ್ತರ್. ಅವರ ಓಣಿಯ ಹತ್ತೊಂಬತ್ತು ಮಂದಿ ಬುದ್ಧ ಹುಟ್ಟಿದ ಲುಂಬಿನಿಗೆ ಹೊರಟಿದ್ದಾರೆ, ಪಾಸ್‌ಪೋರ್ಟ್ ಬೇಕೇ, ಬೇಡವಾದರೆ ಮತ್ತೇನು ಬೇಕು ಎಂಬುದು ಪ್ರಶ್ನೆ. ಸುಲಭದ ಪ್ರಶ್ನೆ ಎಂದುಕೊಂಡೆ. ಕಚೇರಿಯ ಕಪಾಟಿನಲ್ಲಿದ್ದ ಹಳೆಯ ಪ್ರವಾಸ ಕೈಪಿಡಿ ಪಾಸ್‌ಪೋರ್ಟ್ ಬೇಡ, ಭಾವಚಿತ್ರವಿರುವ ಸರ್ಕಾರಿ ಗುರುತಿನ ಚೀಟಿ ಸಾಕು ಎನ್ನುತ್ತಿತ್ತು. ಕಂಡು ಬಂದ ಮನುಷ್ಯನಾಗಿ ವಾಡಿಯ ನಿವೃತ್ತ ರೈಲ್ವೆ ಗಾರ್ಡ್ ಸಿಕ್ಕರು. ಹೆಂಡತಿ ಮಕ್ಕಳೊಂದಿಗೆ ಕಾಠ್ಮಂಡುವಿಗೆ ಹೋಗಿ ಬಂದವರು. ಗಡಿಯಲ್ಲಿ ಏನು ಕೇಳಿದರು ಎಂದರೆ, ‘ಏನೂ ಕೇಳಲಿಲ್ರಿ. ಚಾ ಬೇಕೇನಂತ ಒಬ್ಬಾಂವ ಕೇಳ್ದ’ ಎಂದರು.

ಎರಡು ಆಧಾರ ಸಿಕ್ಕವು. ಉತ್ತರ ಬರೆದು ಕೊಟ್ಟೆ. ಶನಿವಾರ ಸಂಜೆ ಪುಟ ಕಟ್ಟುವವರು ಬಂದು ಕಾಲಂ ಒಂದು ಸಾಲು ಕಡಿಮೆ ಬಿದ್ದಿದೆ, ಏನಾದರೂ ಕೊಡಿ ಎಂದರು. ಆಗ ನಾನು ಸ್ಕೂಟರಿನ ಕೀಲಿ ಹುಡುಕುತ್ತಿದ್ದೆ. ಹುಡುಕುತ್ತಲೇ ಹೇಳಿದೆ: ‘ಆಧಾರ್ ಕಾರ್ಡ್ ಹೇಗೂ ಎಲ್ಲರ ಬಳಿಯೂ ಇರುತ್ತದೆ, ಅದೇ ಸಾಕು.’ ಸಾಲು ಸರಿಯಾಗಿ ಕೂತಿತು. ಮೂವತ್ತೆಂಟನೆಯ ಆ ಸಾಲಿಗೆ ಯಾವ ಆಧಾರವೂ ಇರಲಿಲ್ಲ.

ಎಂಟು ದಿನ ಕಳೆದ ಮೇಲೆ ಸೇಡಂನಿಂದ ಫೋನ್ ಬಂತು. ಯಾತ್ರಾ ಬಸ್ಸು ಓಡಿಸುವ ಚಾಲಕರೊಬ್ಬರು. ಚಹಾ ಕುಡಿಯಲು ನಿಂತ ಹೋಟೆಲಿನಲ್ಲಿ ಬಜಿ ಕಟ್ಟಿಕೊಟ್ಟ ಕಾಗದದಲ್ಲಿ ನನ್ನ ಅಂಕಣ ಓದಿದ್ದರು.

‘ಸಾಹೇಬ್ರ, ನೇಪಾಳಕ್ಕ ಆಧಾರ್ ನಡೀದಿಲ್ರಿ. ಪಾಸ್‌ಪೋರ್ಟ್ ಇಲ್ಲಂದ್ರ ವೋಟರ್ ಕಾರ್ಡ್. ನಮ್ಮ ಗಾಡಿಯಾಗಿಂದು ಇಬ್ಬರಿಗಿ ಹೊಳ್ಳಿಸಿ ಕಳಿಸ್ಯಾರ. ಇದು ಯಾರು ಬರದಾರ ನೋಡ್ರಿ ಜರಾ.’

ಯಾರು ಬರೆದದ್ದೆಂದು ಹೇಳಿದೆ. ಬಜಿ ಚೆನ್ನಾಗಿತ್ತು ಎಂದರು ಅವರು.

ಕೇಂದ್ರ ಸರ್ಕಾರದ ವೆಬ್‌ಸೈಟಿನಲ್ಲಿ ನಿಯಮ ಸ್ಪಷ್ಟವಾಗಿತ್ತು. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ಹದಿನೈದಕ್ಕಿಂತ ಚಿಕ್ಕವರು, ಅರವತ್ತೈದು ದಾಟಿದವರು ಮಾತ್ರ ಆಧಾರ್‌ನಂಥ ಬೇರೆ ದಾಖಲೆ ತೋರಿಸಬಹುದು. ನಾನು ಮೊದಲೇ ಅಲ್ಲಿ ನೋಡಬೇಕಿತ್ತು. ನೋಡಲು ಮೂರು ನಿಮಿಷ ಹಿಡಿಯಿತು.

ಸಂಪಾದಕರು ತಪ್ಪನ್ನು ಎರಡು ಸಲ ಓದಿದರು. ತಪ್ಪು ಯಾವ ಪುಟದಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ ಬಂದಿತ್ತೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕೆಂಬುದು ನಮ್ಮ ಕಚೇರಿಯ ಕಟ್ಟಳೆ. ಅದರಂತೆ ಬರುವ ಭಾನುವಾರ ನಾಲ್ಕನೇ ಪುಟದಲ್ಲಿ ಹಾಕಲು ಹೇಳಿದರು. ಹೆಡ್‌ಮಾಸ್ತರ್ ಪತ್ರ ತೆಗೆದು ನೋಡಿದೆ. ಅವರ ರೈಲು ವಾಡಿಯಿಂದ ಹೊರಡುವುದು ಆ ಭಾನುವಾರದ ಮರುದಿನ. ತಿದ್ದುಪಡಿ ಓದಿ ಅವರು ಮಾಡಬಹುದಾದ ಕೆಲಸ ಒಂದೇ ಇರುತ್ತಿತ್ತು, ಬೈಯುವುದು. ಕಾಯುವುದು ಬೇಡ, ನಾನೇ ಹೋಗಿ ಹೇಳಿ ಬರುತ್ತೇನೆ ಎಂದೆ. ಅಚ್ಚಾದ ತಪ್ಪನ್ನು ಬಾಯಿಂದ ತಿದ್ದಿದ ಪೂರ್ವ ನಿದರ್ಶನ ನಮ್ಮಲ್ಲಿಲ್ಲ ಎಂದರು ಸಂಪಾದಕರು. ಆಮೇಲೆ, ಅಚ್ಚಿನಲ್ಲೂ ಹಾಕುವುದಾದರೆ ಹೋಗಿ ಬಾ ಎಂದರು.

ಮರುದಿನ ಬೆಳಿಗ್ಗೆ ಸ್ಕೂಟರ್ ಹತ್ತಿ ಆ ಹಳ್ಳಿ ಸೇರಿದಾಗ ಯಾತ್ರಿಕರ ಸಭೆಯೇ ನಡೆದಿತ್ತು. ಸಮುದಾಯ ಭವನದ ಕಟ್ಟೆಯ ಮೇಲೆ ಹೆಡ್‌ಮಾಸ್ತರ್ ಕುಳಿತಿದ್ದರು. ಎದುರಿಗೆ ಚಾಪೆಯ ಮೇಲೆ ಉಳಿದವರು. ಯಾರ ಚೀಲದಲ್ಲಿ ಎಷ್ಟು ರೊಟ್ಟಿ ಇರಬೇಕು ಎಂಬ ವಿಷಯ ಚರ್ಚೆಯಲ್ಲಿತ್ತು. ಪತ್ರಿಕೆಯವನು ಎಂದು ಗೊತ್ತಾದ ಕೂಡಲೇ ಹೆಡ್‌ಮಾಸ್ತರ್ ಎದ್ದು ನಿಂತು, ‘ಬರ್ರಿ, ಮ್ಯಾಲ ಕುಂದ್ರಿ’ ಎಂದು ಪಕ್ಕದಲ್ಲೇ ಜಾಗ ಕೊಟ್ಟು, ಅಂಗಿಯ ಜೇಬಿನಿಂದ ಒಂದು ವಸ್ತು ತೆಗೆದು ನನ್ನ ಕೈಗಿತ್ತರು. ನನ್ನ ಅಂಕಣ. ಅಂಚು ಕತ್ತರಿಸಿ, ಎರಡೂ ಕಡೆ ಪ್ಲಾಸ್ಟಿಕ್ ಹಚ್ಚಿ ಲ್ಯಾಮಿನೇಷನ್ ಮಾಡಿಸಿದ್ದರು. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ.

‘ಗಡಿಯಾಗ ಯಾರರೆ ತಕರಾರ್ ಮಾಡಿದ್ರ ಇದ ತೋರಿಸ್ತೀನ್ರಿ’ ಎಂದರು. ‘ಪೇಪರ್‌ನಾಗ ಬಂದದ, ಓದ್ಕೋ ಅಂತೀನಿ.’

ವೃತ್ತಿಯಲ್ಲಿ ನನ್ನ ಬರಹಕ್ಕೆ ಸಿಕ್ಕ ಅತಿ ದೊಡ್ಡ ಗೌರವ ಅದು. ಅದನ್ನು ಕೈಯಲ್ಲಿ ಹಿಡಿದುಕೊಂಡೇ, ಆ ಕೆಂಪು ಗೆರೆಯ ಸಾಲು ತಪ್ಪು, ಅದನ್ನು ಹೇಳಲೆಂದೇ ಬಂದಿದ್ದೇನೆ ಎಂದೆ. ಹೆಡ್‌ಮಾಸ್ತರಿಗೆ ನಂಬಿಕೆ ಬರಲಿಲ್ಲ. ಅಚ್ಚಾದದ್ದು ಒಂದು ಹೇಳುತ್ತದೆ, ಅದನ್ನು ಬರೆದವನು ಇನ್ನೊಂದು ಹೇಳುತ್ತಾನೆ, ಯಾವುದನ್ನು ನಂಬುವುದು ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮೊಬೈಲಿನಲ್ಲಿ ಸರ್ಕಾರದ ನಿಯಮ ತೆಗೆದು ತೋರಿಸಿದೆ. ಅವರು ಅದನ್ನು ಪೂರ್ತಿ ಓದಿ, ಒಂದು ಕಡೆ ಅಲ್ಪವಿರಾಮ ಬೇಕಿತ್ತು ಎಂದರು. ಅಲ್ಲಿಗೆ ಒಪ್ಪಿದರು ಎಂದು ತಿಳಿದುಕೊಂಡೆ.

ಎಲ್ಲರೂ ಮನೆಗೆ ಹೋಗಿ ವೋಟರ್ ಕಾರ್ಡ್ ತಂದರು. ಸರತಿಯಲ್ಲಿ ನೋಡುತ್ತಾ ಹೋದೆ. ಹೆಸರು ಸರಿ, ಮುಖ ಸರಿ, ಹದಿನೆಂಟು ಕಾರ್ಡು ಸರಿ. ಹತ್ತೊಂಬತ್ತನೆಯದರಲ್ಲಿ ಹೆಸರು ಹೆಣ್ಣಿನದು, ಭಾವಚಿತ್ರ ದಪ್ಪ ಮೀಸೆಯ ಒಬ್ಬ ಗಂಡಸಿನದು.

ಕಾರ್ಡು ತಂದವರು ಆ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ನಿವೃತ್ತರಾದ ಅವ್ವ. ತೆಳ್ಳಗೆ, ನೆಟ್ಟಗೆ ಇದ್ದರು. ಇದು ಯಾರ ಫೋಟೋ ಎಂದು ಕೇಳಿದೆ.

‘ಯಾರಂತ ನನಗೂ ಗೊತ್ತಿಲ್ಲ ತಮ್ಮ’ ಎಂದರು. ‘ಈ ಊರಾಂವ ಅಂತೂ ಅಲ್ಲ. ಎರಡು ಸಲ ತಿದ್ದಲಿಕ್ಕ ಕೊಟ್ಟೆ. ಎರಡು ಸಲಾನೂ ಇವನೇ ಹೊಳ್ಳಿ ಬಂದ.’

ಅದೇ ಕಾರ್ಡಿನಿಂದ ಇಷ್ಟು ವರ್ಷ ಮತ ಹಾಕಿದ್ದೀರಾ ಎಂದು ಕೇಳಿದೆ. ಹಾಕಿದ್ದರು. ಮತಗಟ್ಟೆಯ ಅಧಿಕಾರಿ ಕಾರ್ಡ್ ನೋಡಿ, ಇವರ ಮುಖ ನೋಡಿ, ಮತ್ತೆ ಕಾರ್ಡ್ ನೋಡುವಷ್ಟರಲ್ಲಿ ಪಕ್ಷಭೇದವಿಲ್ಲದೆ ಎಲ್ಲ ಏಜೆಂಟರೂ ‘ಅಕೀನೇ ರಿ, ಅಕೀನೇ’ ಎನ್ನುತ್ತಿದ್ದರಂತೆ. ಸನ್ನತಿಯ ಆಚೆ ಆ ಸಾಕ್ಷಿ ನಡೆಯುವುದಿಲ್ಲ. ಮೂರನೆಯ ಸಲ ತಿದ್ದಿಸಲು ದಿನಗಳೂ ಉಳಿದಿರಲಿಲ್ಲ. ರೈಲಿಗೆ ಆರು ದಿನವಿತ್ತು.

ಅವರು ಚಾಪೆಯ ಮೇಲೆ ಕೂತರು. ಪಕ್ಕದ ಹೆಣ್ಣುಮಗಳೊಬ್ಬಳು ನನಗೆ ಹೇಳಿದಳು: ಈ ಯಾತ್ರೆಯ ಮಾತು ಮೊದಲು ತೆಗೆದವರೇ ಈ ಅವ್ವ. ಭವನದಲ್ಲಿ ಯಾರೋ ಬುದ್ಧನ ಕಥೆ ಓದುವಾಗ, ತಾಯಿ ತವರಿಗೆ ಹೋಗುವ ದಾರಿಯಲ್ಲಿ ತೋಟದಲ್ಲಿ ನಿಂತು, ಗಿಡದ ಕೊಂಬೆ ಹಿಡಿದುಕೊಂಡೇ ಹಡೆದಳು ಎಂಬಲ್ಲಿ ಅವ್ವ ಓದು ನಿಲ್ಲಿಸಿ ಆ ಜಾಗ ಇನ್ನೂ ಇದೆಯೇ ಎಂದು ಕೇಳಿದ್ದರು. ಇದೆ ಎಂದಾಗ ಹೋಗೋಣ ಎಂದಿದ್ದರು. ಕಾರಣ ಅವರೇ ಹೇಳಿದರು.

‘ನಾನೂ ಹೊಲದಾಗೇ ಹಡದೀನಿ. ತೊಗರಿ ಕೊಯ್ಯಲಿಕ್ಕ ಹೋಗಿದ್ದೆ, ಬೇವಿನ ಗಿಡ ಹಿಡ್ಕೊಂಡು ನಿಂತಿದ್ದೆ. ನಮ್ಮೂರಾಗ ಅದ ಹೇಳಿ ನಗ್ತಾರ. ಅಲ್ಲಿ ಗುಡಿ ಕಟ್ಯಾರಂತ. ನೋಡಬೇಕು ಅನಸ್ತು.’

ನನ್ನ ಮೂವತ್ತೆಂಟನೆಯ ಸಾಲಿನ ಬೆಲೆ ಆಗ ತಿಳಿಯಿತು. ಆ ಸಾಲು ಇರದಿದ್ದರೆ ಇವರು ಅಂಕಣ ಬಂದ ದಿನವೇ ಮೀಸೆಯವನ ವಿಚಾರ ಎತ್ತುತ್ತಿದ್ದರು. ಆಧಾರ್ ಸಾಕು ಎಂದು ಅಚ್ಚಾದ ಮೇಲೆ ಯಾರೂ ಆ ಕಾರ್ಡನ್ನು ಟ್ರಂಕಿನಿಂದ ಹೊರಗೆ ತೆಗೆದಿರಲಿಲ್ಲ.

ಉಳಿದ ದಾರಿ ಒಂದೇ ಇತ್ತು, ವಯಸ್ಸು. ನಿಮಗೆಷ್ಟು ಎಂದು ಕೇಳಿದೆ. ಅವ್ವ ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರ್ ‘ಅರವತ್ತೆರಡು’ ಎಂದರು. ಆಧಾರ್ ಕಾರ್ಡ್ ತೆಗೆದು ನೋಡಿದೆ. ಅದರ ಪ್ರಕಾರ ಅರವತ್ತೆರಡೇ. ಮೂರು ವರ್ಷಕ್ಕೆ ತಪ್ಪಿತು.

‘ನನಗ ಅರವತ್ತೆರಡ?’ ಅವ್ವ ತಿರುಗಿ ಹೆಡ್‌ಮಾಸ್ತರ್ ಕಡೆ ನೋಡಿದರು. ‘ನನ್ನ ಮಗಳಿಗೇ ಐವತ್ತಾದವಲ್ರಿ ಮಾಸ್ತರ್ರ. ಹನ್ನೆರಡಕ್ಕ ಹಡದೀನೇನು?’

ಇಪ್ಪತ್ತು ವರ್ಷ ಸುದ್ದಿ ಬರೆದವನಿಗೆ ಒಂದು ಅಭ್ಯಾಸ ಬರುತ್ತದೆ. ಲೆಕ್ಕ ಕೂಡದಾದಾಗ ಅಂಕಿಯನ್ನಲ್ಲ, ಅಂಕಿ ಹೇಳಿದವರ ಮುಖ ನೋಡಬೇಕು. ನೋಡಿದೆ. ಹೆಡ್‌ಮಾಸ್ತರ್ ನನ್ನ ಲ್ಯಾಮಿನೇಷನ್‌ನ ಮೂಲೆಯನ್ನು ಉಗುರಿನಿಂದ ಬಿಡಿಸುತ್ತಿದ್ದರು. ಶಾಲೆಯ ಕಡೆ ನಡೆದು ಹೋಗಿ ಬರೋಣ ಎಂದು ನನ್ನನ್ನು ಎಬ್ಬಿಸಿದರು.

ದಾರಿಯಲ್ಲಿ ಹೇಳಿದರು. ಊರಿಗೆ ಆಧಾರ್ ಕ್ಯಾಂಪ್ ಬಂದಾಗ ವಯಸ್ಸು ಗೊತ್ತಿಲ್ಲದವರಿಗೆಲ್ಲ ಅಂದಾಜು ಹೇಳಿ ಬರೆಸಿದವರು ಅವರೇ. ಬಿಸಿಯೂಟದ ಅಡುಗೆಯವರನ್ನು ಅರವತ್ತಕ್ಕೆ ಬಿಡಿಸುತ್ತಾರೆ ಎಂಬ ಮಾತು ಆಗಲೇ ಹಬ್ಬಿತ್ತು. ಅದಕ್ಕೇ ಅವ್ವನ ವಯಸ್ಸಿನಲ್ಲಿ ಐದು ವರ್ಷ ಕಡಿಮೆ ಬರೆಸಿದ್ದರು. ಅವ್ವನಿಗೆ ಹೇಳಿರಲಿಲ್ಲ.

‘ಆಕಿ ದುಡ್ಕೊಂಡು ತಿನ್ಲಿ ಅಂತ ಮಾಡಿದಿರೇನು?’ ಎಂದು ಕೇಳಿದೆ.

ಹೆಡ್‌ಮಾಸ್ತರ್ ಪ್ರಾಮಾಣಿಕ ಮನುಷ್ಯ. ‘ಹಂಗಂತ ಹೇಳಬಹುದು. ಖರೇ ಹೇಳಬೇಕಂದ್ರ, ಆಕಿ ಮಾಡೋ ಗೋಧಿ ಹುಗ್ಗಿ. ನಾನು ರಿಟಾಯರ್ ಆಗೋತನಾ ಆಕಿ ಇರಲಿ ಅಂತ.’

ಶಾಲೆಯಲ್ಲಿ ಈಗಿನ ಮುಖ್ಯೋಪಾಧ್ಯಾಯಿನಿ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆಸಿಕೊಟ್ಟರು. ಅವ್ವ ಒಂದನೇ ತರಗತಿಗೆ ಎರಡು ತಿಂಗಳು ಬಂದಿದ್ದರು. ಆಮೇಲೆ ದನ ಕಾಯಲು ಹಾಕಿದ್ದರು. ಎರಡು ತಿಂಗಳಾದರೂ ಹೆಸರು ದಾಖಲಾಗಿತ್ತು, ಎದುರಿಗೆ ಜನ್ಮ ದಿನಾಂಕವೂ ಇತ್ತು: ಜೂನ್ ಒಂದು. ವರ್ಷ ಎಣಿಸಿದರೆ ಅರವತ್ತೇಳು. ಆ ಪುಟದಲ್ಲಿ ಇಪ್ಪತ್ತಮೂರು ಮಕ್ಕಳ ಹೆಸರಿದ್ದವು. ಇಪ್ಪತ್ತಮೂರು ಮಂದಿಯೂ ಜೂನ್ ಒಂದರಂದೇ ಹುಟ್ಟಿದ್ದರು. ನಮ್ಮ ಕಡೆ ಇದು ಆಶ್ಚರ್ಯವಲ್ಲ. ನಾನೂ ಜೂನ್ ಒಂದರವನೇ, ನಮ್ಮ ಸಂಪಾದಕರೂ. ದಿನ ಮಾಸ್ತರದು, ವರ್ಷ ಮಾತ್ರ ತಂದೆ ತಾಯಿಯದು. ನಮಗೆ ಬೇಕಾಗಿದ್ದದ್ದು ವರ್ಷ.

ಮುಖ್ಯೋಪಾಧ್ಯಾಯಿನಿ ನಕಲು ಪ್ರತಿಗೆ ಸಹಿ, ಮುದ್ರೆ ಹಾಕಲು ಒಪ್ಪಿದರು. ಆದರೆ ಅರ್ಜಿಯನ್ನು ಅವ್ವನೇ ಕೊಡಬೇಕು, ವಯಸ್ಸು ಯಾಕೆ ಬೇರೆ ಬೇರೆ ಇದೆ ಎಂದು ಅದರಲ್ಲಿ ಬರೆಯಬೇಕು ಎಂದರು. ಅಂದರೆ ಅವ್ವನಿಗೆ ಹೇಳಬೇಕಾಯಿತು. ‘ಕ್ಯಾಂಪಿನವರು ತಪ್ಪು ಬರ್ಕೊಂಡ್ರಂತ ಹಾಕೋಣೇನ್ರಿ?’ ಎಂದು ಹೆಡ್‌ಮಾಸ್ತರ್ ಮೆಲ್ಲಗೆ ನನ್ನನ್ನು ಕೇಳಿದರು. ನಾನು ಚೀಲದಿಂದ ಭಾನುವಾರಕ್ಕೆಂದು ಬರೆದಿಟ್ಟ ತಿದ್ದುಪಡಿ ತೆಗೆದು ಅವರಿಗೆ ಕೊಟ್ಟೆ. ‘ಇದೇ ಅಂಕಣದಲ್ಲಿ ಪ್ರಕಟವಾದ ಕೊನೆಯ ಸಾಲು ತಪ್ಪು. ಅದನ್ನು ಪರಿಶೀಲಿಸದೆ ಸೇರಿಸಲಾಗಿತ್ತು’ ಎಂದಿತ್ತು. ಅವರು ಓದಿದರು. ಈ ಸಲ ಅಲ್ಪವಿರಾಮದ ಮಾತು ಬರಲಿಲ್ಲ. ‘ನಿಮ್ಮದು ಐದು ತಾಲ್ಲೂಕಿಗಿ ಗೊತ್ತಾಗ್ತದ, ನಂದು ಒಂದು ಓಣಿಗಿ’ ಎಂದು ಕಾಗದ ಮಡಚಿ ಕೊಟ್ಟು ಭವನದ ಕಡೆ ತಿರುಗಿದರು. ಶಹಾಬಾದ್ ತಾಲ್ಲೂಕಾದ ಮೇಲೂ ಲೆಕ್ಕ ನಾಲ್ಕೇ, ವಾಡಿ ತಾಲ್ಲೂಕಲ್ಲ ಎಂದು ತಿದ್ದಬೇಕೆನಿಸಿತು. ಸಮಯವಲ್ಲ ಎಂದು ಬಿಟ್ಟೆ.

ಭವನದ ಕಟ್ಟೆಯ ಮೇಲೆ ನಿಂತು, ಪಾಠ ಮಾಡುವ ದನಿಯಲ್ಲಿ ಅವರು ಎಲ್ಲವನ್ನೂ ಹೇಳಿದರು. ಹುಗ್ಗಿಯನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಎಲ್ಲರೂ ಅವ್ವನ ಕಡೆ ನೋಡಿದರು.

ಅವ್ವ ಸೆರಗು ಸರಿಮಾಡಿಕೊಂಡರು. ‘ಐದು ವರ್ಷ ಹೆಚ್ಚಿಗಿ ಒಲಿ ಊದಿಸಿದಿರಿ’ ಎಂದರು. ‘ಇರಲಿ, ಮಕ್ಕಳು ಉಂಡಾವ. ಈಗ ನನ್ನ ವಯಸ್ಸ ನನಗ ತಂದ್ಕೊಡ್ರಿ.’

ಅಷ್ಟರ ಮೇಲೆ ನಗು ಶುರುವಾಯಿತು. ಹೆಡ್‌ಮಾಸ್ತರ್ ಮಾತ್ರ ನಗದೆ ಅರ್ಜಿ ಬರೆಯಲು ಕುಳಿತರು.

ಮರುದಿನ ಚಿತ್ತಾಪುರದ ಆಧಾರ್ ಕೇಂದ್ರದ ಮುಂದೆ ಮೂವರೂ ಸರತಿಯಲ್ಲಿ ನಿಂತೆವು. ನಾನು ರಜೆ ಹಾಕಿರಲಿಲ್ಲ. ‘ತಿದ್ದುಪಡಿ ಕೆಲಸ’ ಎಂದು ಹಾಜರಿ ಪುಸ್ತಕದಲ್ಲಿ ಬರೆದು ಬಂದಿದ್ದೆ. ನಮ್ಮ ಸರದಿ ಬಂದಾಗ ಕಂಪ್ಯೂಟರ್ ಮುಂದಿದ್ದ ಹುಡುಗಿ ಅರ್ಜಿ ಓದಿ ತಲೆಯೆತ್ತಿದಳು. ಇಲ್ಲಿಗೆ ಬರುವವರೆಲ್ಲ ನೌಕರಿಗೆಂದು ವಯಸ್ಸು ಕಡಿಮೆ ಮಾಡಿಸಲು ಬರುತ್ತಾರೆ, ಪಿಂಚಣಿಗೆಂದು ಹೆಚ್ಚು ಮಾಡಿಸಲು ಬರುತ್ತಾರೆ, ನಿಮ್ಮದು ಯಾವುದಕ್ಕೆ ಎಂದು ಕೇಳಿದಳು. ನೇಪಾಳಕ್ಕೆ ಎಂದರು ಅವ್ವ. ಅವಳು ಬೆರಳಚ್ಚಿನ ಯಂತ್ರವನ್ನು ಮುಂದೆ ತಳ್ಳಿದಳು.

ಬೆರಳಚ್ಚು ಬರಲಿಲ್ಲ. ಹತ್ತೂ ಬೆರಳು ಇಟ್ಟು ನೋಡಿದರು, ಯಂತ್ರ ಒಂದನ್ನೂ ಒಪ್ಪಲಿಲ್ಲ. ನಲವತ್ತು ಐವತ್ತು ವರ್ಷ ಹಂಚಿನ ಮೇಲಿನ ರೊಟ್ಟಿ ತಿರುವಿದ ಬೆರಳುಗಳು ಹಾಸುಗಲ್ಲಿನಷ್ಟು ನುಣುಪಾಗಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದರು, ಎಣ್ಣೆ ಹಚ್ಚಿದರು. ಕೊನೆಗೆ ಕಣ್ಣಿನ ಗುರುತು ತೆಗೆದುಕೊಂಡರು. ಕಣ್ಣು ಮೊದಲ ಸಲಕ್ಕೇ ಬಂತು. ಮೊಬೈಲ್ ನಂಬರ್ ಹೆಡ್‌ಮಾಸ್ತರದು ಕೊಟ್ಟೆವು. ಕೈಗೆ ಒಂದು ಚೀಟಿ ಬಂತು. ಎಷ್ಟು ದಿನದಲ್ಲಿ ಆಗಬಹುದು ಎಂದರೆ ಹುಡುಗಿ, ನಾಲ್ಕು ದಿನದಲ್ಲೂ ಆದದ್ದಿದೆ, ತಿಂಗಳಾದರೂ ಆಗದೆ ಇದ್ದದ್ದೂ ಇದೆ ಎಂದಳು. ವರದಿಗಾರನಾಗಿ ನಾನು ಕೇಳಿದ ಅತ್ಯಂತ ನಿಖರವಾದ ಸರ್ಕಾರಿ ಉತ್ತರ ಅದು.

ಆ ಚೀಟಿಯ ನಂಬರನ್ನು ಮೇಜಿನ ಗಾಜಿನ ಕೆಳಗಿಟ್ಟು ದಿನಕ್ಕೆ ನಾಲ್ಕು ಸಲ ನೋಡಿದೆ. ‘ಪರಿಶೀಲನೆಯಲ್ಲಿದೆ.’ ಭಾನುವಾರ ತಿದ್ದುಪಡಿ ಅಚ್ಚಾಯಿತು. ಆಗಲೂ ಪರಿಶೀಲನೆಯಲ್ಲಿತ್ತು. ಸೋಮವಾರ ವಾಡಿಯ ಪ್ಲಾಟ್‌ಫಾರಂಗೆ ಹೋದೆ. ಹತ್ತೊಂಬತ್ತು ಮಂದಿ, ಹತ್ತೊಂಬತ್ತು ರೊಟ್ಟಿ ಚೀಲ. ಹೆಡ್‌ಮಾಸ್ತರ್ ಜೇಬಿನಲ್ಲಿ ಹೊಸ ಲ್ಯಾಮಿನೇಷನ್ ಇತ್ತು. ಒಂದು ಬದಿ ಹಳೆಯ ಅಂಕಣ, ಬೆನ್ನಿಗೆ ತಿದ್ದುಪಡಿ. ಎರಡೂ ಒಂದೇ ಕಡೆ ಇರಲಿ ಎಂದು ಮಾಡಿಸಿದರಂತೆ.

ಅವ್ವನನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಹೊತ್ತಿನ ತನಕ ಕಾಗದ ಆಗಿಲ್ಲ. ದಾರಿಯಲ್ಲಿ ಆಗಬಹುದು, ಆಗದೆ ಇರಬಹುದು. ಆಗದಿದ್ದರೆ ಗಡಿಯ ತನಕ ಹೋಗಿ, ಉಳಿದವರು ಬರುವವರೆಗೆ ಈಚೆ ಒಬ್ಬರೇ ಕೂರಬೇಕಾದೀತು. ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವರು ಹಳಿಯ ಕಡೆ ನೋಡಿದರು. ‘ಕಾಗದ ಬರ್ತದೋ ಇಲ್ಲೋ’ ಎಂದರು. ‘ಗಾಡಿ ಅಂತೂ ಬಂತಲ್ಲ.’ ಚೀಲವನ್ನು ನನ್ನ ಕೈಗೆ ಕೊಟ್ಟು ಹತ್ತಿದರು. ಆಮೇಲೆ ಚೀಲ ಇಸಿದುಕೊಂಡರು.

ಮಂಗಳವಾರ ಅವರು ಇಟಾರ್ಸಿಯಲ್ಲಿ ಗಾಡಿ ಬದಲಿಸಿದರು. ಪರಿಶೀಲನೆಯಲ್ಲಿತ್ತು. ಬುಧವಾರ ಬೆಳಿಗ್ಗೆ ಗೋರಖಪುರ ಇನ್ನೂ ಮೂರು ತಾಸು ಇದೆ ಎನ್ನುವಾಗ ನಾನು ಕಚೇರಿಗೆ ಬಂದು ಬಾಗಿಲು ತೆಗೆದು, ಚಪ್ಪಲಿ ಬಿಡುವ ಮೊದಲೇ ನಂಬರ್ ಹಾಕಿ ನೋಡಿದೆ. ಪೂರ್ಣಗೊಂಡಿದೆ ಎಂದಿತ್ತು. ಎರಡನೇ ಸಲ ನೋಡಿ ಖಚಿತ ಮಾಡಿಕೊಂಡು ಹೆಡ್‌ಮಾಸ್ತರಿಗೆ ಫೋನ್ ಮಾಡಿದೆ. ಕಾರ್ಡನ್ನು ಮೊಬೈಲಿನಲ್ಲಿ ಇಳಿಸಿಕೊಳ್ಳುವ ಕ್ರಮವನ್ನು ಹಂತ ಹಂತವಾಗಿ ಹೇಳಿದೆ. ಕಡತ ಬಂದ ಮೇಲೆ ತೆರೆಯಲು ಪಾಸ್‌ವರ್ಡ್ ಕೇಳುತ್ತದೆ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಮುಂದೆ ಹುಟ್ಟಿದ ವರ್ಷ ಹಾಕಬೇಕು ಎಂದೆ.

ಅರ್ಧ ತಾಸಿನ ಮೇಲೆ ಫೋನ್ ಬಂತು. ಕಡತ ಬಂದಿದೆ, ತೆರೆಯುತ್ತಿಲ್ಲ. ಮೂರು ಸಲ ಹಾಕಿ ನೋಡಿದರಂತೆ. ರೈಲಿನ ಸದ್ದಿನ ನಡುವೆ ಅವರ ದನಿ ಕಂಗಾಲಾಗಿತ್ತು. ಯಾವ ವರ್ಷ ಹಾಕಿದಿರಿ ಎಂದು ಕೇಳಿದೆ. ಹೇಳಿದರು. ಕ್ಯಾಂಪಿನಲ್ಲಿ ಅವರೇ ಬರೆಸಿದ ವರ್ಷ ಅದು.

‘ಅದಲ್ರಿ ಸರ್’ ಎಂದೆ. ‘ಖರೇ ವರ್ಷ ಹಾಕ್ರಿ.’

ಅವರು ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಂಡು ಒತ್ತಿದರು. ಆಮೇಲೆ ಹಿಂದಿನಿಂದ ಅವ್ವನ ದನಿ ಕೇಳಿತು: ‘ತೆರೀತೇನು?’ ತೆರೆದಿತ್ತು.

ಗೋರಖಪುರದ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಅದರ ಪ್ರತಿ ತೆಗೆಸಿದರು. ಹೆಡ್‌ಮಾಸ್ತರ್ ಅದನ್ನೂ ಲ್ಯಾಮಿನೇಷನ್ ಮಾಡಿಸಿದರೆಂದು ಬೇರೆ ಹೇಳಬೇಕಿಲ್ಲ.

ಮುಂದಿನದನ್ನು ನಾನು ಕಂಡಿಲ್ಲ. ಹದಿನೆಂಟು ಮಂದಿ ಬೇರೆ ಬೇರೆಯಾಗಿ ಹೇಳಿದ್ದು ಹೊಂದುವುದರಿಂದ ಬರೆಯುತ್ತಿದ್ದೇನೆ. ಗಡಿಯ ಸೋನೌಲಿಯಲ್ಲಿ ಆ ಮಧ್ಯಾಹ್ನ ಜನ ಸಂತೆಗೆ ಹೋದ ಹಾಗೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ನಡೆಯುತ್ತಿದ್ದರು. ಕಮಾನಿನ ಕೆಳಗೆ ನಿಂತ ಗಡಿ ಕಾವಲಿನ ಜವಾನ ಇವರ ಗುಂಪನ್ನು ನೋಡಿ, ರೊಟ್ಟಿ ಚೀಲ ನೋಡಿ, ಹೋಗಿ ಎಂದು ಕೈ ಬೀಸಿದ.

ಯಾರೂ ಏನೂ ಕೇಳಲಿಲ್ಲ. ವಾಡಿಯ ಗಾರ್ಡ್ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಹದಿನೆಂಟು ಮಂದಿ ದಾಟಿದರು. ಅವ್ವ ದಾಟಲಿಲ್ಲ. ಸಾಲು ಬಿಟ್ಟು ಜವಾನನ ಎದುರಿಗೆ ಹೋಗಿ ನಿಂತು, ಕಾರ್ಡು ತೆಗೆದು ಅವನ ಮುಖದ ಮುಂದೆ ಹಿಡಿದರು. ಅವನು ಬೇಡ ಎಂದ. ಇವರು ಹಿಡಿದೇ ನಿಂತರು. ಹಿಂದೆ ಸಾಲು ಬೆಳೆಯಿತು. ಹೆಡ್‌ಮಾಸ್ತರ್ ಆಚೆ ದೇಶದಿಂದ ಕೈಸನ್ನೆ ಮಾಡಿ ಕರೆದರು. ಕೊನೆಗೆ ಜವಾನ ಕಾರ್ಡನ್ನು ಕೈಗೆ ತೆಗೆದುಕೊಂಡು ಓದಿದ. ವರ್ಷ ಎಣಿಸಿದ. ಅವ್ವನ ಮುಖ ನೋಡಿ, ‘ಅರವತ್ತೇಳೇ? ಲಗ್ತಾ ನಹೀ, ಮಾಜೀ’ ಎಂದ.

ಶಹಾಬಾದ್, ವಾಡಿ ಕಡೆಯವರಿಗೆ ಅಷ್ಟು ಹಿಂದಿ ಬರುತ್ತದೆ. ಅಷ್ಟು ವಯಸ್ಸಾದಂತೆ ಕಾಣುವುದಿಲ್ಲ ಎಂದದ್ದು ಅವ್ವನಿಗೆ ಹೊಗಳಿಕೆಯಾಗಿ ಕೇಳಿಸಲಿಲ್ಲ. ಆಚೆ ದಾಟಿ ಹೆಡ್‌ಮಾಸ್ತರಿಗೆ ಹೇಳಿದರಂತೆ: ‘ನೋಡ್ರಿ, ನೀವು ಹಚ್ಚಿದ ಸುಳ್ಳು ವಯಸ್ಸ ಇಲ್ಲಿತನಾ ಬಂದದ.’

ಸಂಜೆ ಅವ್ವನೇ ಫೋನ್ ಮಾಡಿದರು. ಲುಂಬಿನಿ ಹೇಗಿದೆ ಎಂದು ಕೇಳಿದೆ. ಜಾಗ ಸ್ವಚ್ಛವಿದೆ, ಕೆರೆ ಇದೆ, ಗಿಡಗಳಿಗೆ ಬಣ್ಣದ ಪತಾಕೆ ಕಟ್ಟಿದ್ದಾರೆ ಎಂದರು. ಆಮೇಲೆ, ‘ಆ ತಾಯಿ ನಿಂತ ಜಾಗಾ ನೋಡಿದೆ ತಮ್ಮ. ಆಕಿ ಯಾವುದೋ ಬ್ಯಾರೆ ಗಿಡ ಹಿಡ್ಕೊಂಡಿದ್ಳಂತ, ನಂದು ಬೇವು. ಅಷ್ಟೇ ಫರಕ’ ಎಂದರು.

ನಮ್ಮ ಕಚೇರಿಯ ಕಟ್ಟಳೆಗೆ ಆ ತಿಂಗಳು ಒಂದು ಸೇರ್ಪಡೆಯಾಯಿತು. ಬರೆದಿಟ್ಟದ್ದು ಒಂದು, ಕಂಡು ಬಂದವರು ಒಬ್ಬರು, ಅವುಗಳ ಜೊತೆಗೆ ನಿಯಮ ಮಾಡಿದವರ ಮೂಲ ಪ್ರತಿ. ಪುಟ ತುಂಬಿಸಲು ಸಾಲು ಬೇಕಾದರೆ ಹವಾಮಾನ ಹಾಕಬೇಕು. ನನ್ನ ಪಟ್ಟಿಯಲ್ಲಿ ನೇಪಾಳದ ಎದುರು ಗಾರ್ಡ್ ಅವರ ಹೆಸರಿನ ಕೆಳಗೆ ಇನ್ನೊಂದು ಹೆಸರು ಬಂತು.

ಎರಡು ತಿಂಗಳ ಮೇಲೆ ಚಿಂಚೋಳಿಯ ಓದುಗರೊಬ್ಬರು ಅದೇ ಪ್ರಶ್ನೆ ಕೇಳಿದರು: ನೇಪಾಳಕ್ಕೆ ಹೋಗಲು ಏನೇನು ಕಾಗದ ಬೇಕು, ಗಡಿಯಲ್ಲಿ ನೋಡುತ್ತಾರೆಯೇ? ನಿಯಮ ಬರೆದುಕೊಂಡೆ. ಕೈಪಿಡಿಯನ್ನು ರದ್ದಿಗೆ ಹಾಕಿಯಾಗಿತ್ತು. ಕಂಡು ಬಂದವರ ಮಾತಿಗೆ ಅವ್ವನಿಗೆ ಫೋನ್ ಮಾಡಿದೆ. ಅವರು ಹೇಳಿದ್ದನ್ನು ಒಂದಕ್ಷರ ತಿದ್ದದೆ ಹಾಕಿದ್ದೇನೆ:

‘ಯಾರೂ ಕೇಳೂದಿಲ್ಲ. ಆದ್ರೂ ಬರೋಬ್ಬರಿ ಕಾಗದ ಒಯ್ಯಬೇಕು. ಕೇಳ್ಲಿಲ್ಲಂದ್ರ ನಾವೇ ನಿಂತು ತೋರಿಸಿ ಹೋಗಬೇಕು.’

ಆ ವಾರ ಕಾಲಂ ಸರಿಯಾಗಿ ಮೂವತ್ತೆಂಟು ಸಾಲು ಬಂತು.